ಅನ್ನ, ರೊಟ್ಟಿ ಬಿಟ್ಟರೆ ಶುಗರ್ ಇಳಿಯುತ್ತದೆಯೇ? ಅನುಭವ ಇದ್ದವರು ಹೇಳಿ

ಕೇಳಿದವರು: ಬಟ್ಟೆ ಅಂಗಡಿಯವರು, ದಾವಣಗೆರೆ

ನನಗೆ 46 ವರ್ಷ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೆಲಸ, ತೂಕ 88 ಕಿಲೊ. ಕಳೆದ ವಾರ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 8.6 ಬಂತು. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ನುಂಗುತ್ತಿದ್ದೇನೆ. ಅನ್ನ, ರೊಟ್ಟಿ ಎರಡನ್ನೂ ಪೂರ್ತಿ ಬಿಡು, ಮೂರು ತಿಂಗಳಲ್ಲಿ ಮಾತ್ರೆಯೇ ಬೇಡವಾಗುತ್ತದೆ ಎಂದು ಗೆಳೆಯನೊಬ್ಬ ಬೆನ್ನು ಹತ್ತಿದ್ದಾನೆ. ನಾಳೆಯಿಂದಲೇ ಶುರು ಮಾಡಲೇ? ಸಂಜೆ ಮಂಡಕ್ಕಿ, ಮಿರ್ಚಿ ಇಲ್ಲದೆ ಅಂಗಡಿ ಬಾಗಿಲು ಹಾಕಿದ ದಿನವೇ ಇಲ್ಲ ಎನ್ನುವುದನ್ನೂ ಗಮನದಲ್ಲಿಟ್ಟುಕೊಂಡು ಹೇಳಿ.

ನಿವೃತ್ತ ಶಿಕ್ಷಕ, ವಿದ್ಯಾನಗರ

ನಾಳೆಯಿಂದ ಬೇಡ. ಮೊದಲು ಮಾತ್ರೆಯ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಿ, ಊಟ ಬದಲಿಸುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ನಾನು ಹೇಳಲಿಲ್ಲ, ಅನುಭವಿಸಿದೆ.

ನನಗೂ ಗ್ಲಿಮೆಪಿರೈಡ್ ಇತ್ತು. ನೀವು ಉಂಡಿರಿ, ಬಿಟ್ಟಿರಿ, ಆ ಮಾತ್ರೆ ಮೇದೋಜೀರಕ ಗ್ರಂಥಿಯನ್ನು ಹಿಂಡಿ, ಶುಗರ್ ಇಳಿಸುವ ಇನ್ಸುಲಿನ್ ಬಿಡಿಸುತ್ತದೆ. ಅನ್ನ ಬಿಟ್ಟ ನಾಲ್ಕನೆಯ ದಿನ ಬೆಳಿಗ್ಗೆ ಮಾತ್ರೆ ನುಂಗಿ, ಎರಡು ಮೊಟ್ಟೆ ತಿಂದು ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ಬಿಚ್ಚಿಹೋದ ಶೂ ದಾರ ಕಟ್ಟಲು ಬಗ್ಗಿದವನಿಗೆ ಗಂಟು ಹಾಕಲು ಬರಲಿಲ್ಲ. ಬೆರಳು ನಡುಗುತ್ತಿತ್ತು, ಚಳಿಗಾಲದಲ್ಲಿ ಅಂಗಿಯೆಲ್ಲ ಬೆವರು. ಜೊತೆಗಿದ್ದವರು ಚಹಾದ ಗಾಡಿಯಿಂದ ಸಕ್ಕರೆ ತಂದು ನೀರಿನಲ್ಲಿ ಕಲಸಿ ಕುಡಿಸಿದರು. ಕಾಲು ಗಂಟೆಯ ನಂತರ ಮನೆಗೆ ಕರೆತಂದು ನೋಡಿದರೆ ಮೀಟರ್‌ನಲ್ಲಿ 71. ಅದಕ್ಕೂ ಮೊದಲು ಎಷ್ಟಿತ್ತೋ! 70ಕ್ಕಿಂತ ಕೆಳಗೆ ಬಂದರೆ ಅಪಾಯ. ಮೂರು ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಶುಗರ್ ಇದ್ದವನ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಯಾಕೆ ಎಂದು ಮೊಮ್ಮಗಳು ನಗುತ್ತಾಳೆ, ನಗಲಿ.

ವೈದ್ಯರು ಆ ಮಾತ್ರೆಯನ್ನು ಅರ್ಧ ಮಾಡಿದರು, ಆಮೇಲೆ ನಿಲ್ಲಿಸಿದರು. ಮೆಟ್‌ಫಾರ್ಮಿನ್ ಇಂದಿಗೂ ಇದೆ. ಮಧ್ಯಾಹ್ನ ಒಂದು ಹಿಡಿ ಅನ್ನ, ರಾತ್ರಿ ಒಂದು ರೊಟ್ಟಿ, ಉಳಿದದ್ದು ಪಲ್ಯ, ಕಾಳು, ಮೊಸರು, ಮೊಟ್ಟೆ. ಆರು ತಿಂಗಳಲ್ಲಿ ಎಚ್‌ಬಿಎ1ಸಿ 8.1 ಇದ್ದದ್ದು 6.7ಕ್ಕೆ ಬಂತು, ತೂಕ ಏಳು ಕಿಲೊ ಇಳಿಯಿತು. ಮೊದಲ ವಾರವೇ ಎರಡು ಕಿಲೊ ಇಳಿದಾಗ ಕುಣಿಯಬೇಡಿ, ಅದರಲ್ಲಿ ಹೆಚ್ಚಿನದು ನೀರು. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ, ಅದನ್ನು ಹದಿನೈದು ದಿನಕ್ಕೆ ಮಾಡಿಸಿ ದುಡ್ಡು ಕಳೆಯಬೇಡಿ.

ಗೃಹಿಣಿ, ಚಿತ್ರದುರ್ಗ

ನಮ್ಮವರಿಗೆ ಶುಗರ್ ಬಂದ ಮೇಲೆ ಅನ್ನ ಬಿಡಿಸಿ ಎರಡು ಹೊತ್ತೂ ಮುದ್ದೆ ಮಾಡಿದೆ. ರಾಗಿ ಶುಗರ್‌ಗೆ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರಲ್ಲ. ಊಟದ ನಂತರದ ಲೆಕ್ಕ 240ರ ಕೆಳಗೆ ಇಳಿಯಲೇ ಇಲ್ಲ. ಬೇಸತ್ತು ಒಂದು ದಿನ ತಕ್ಕಡಿ ತಂದೆ. ಅವರ ಒಂದು ಮುದ್ದೆಗೆ 110 ಗ್ರಾಂ ಹಿಟ್ಟು! ನೂರು ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಪಿಷ್ಟ, ಜೋಳದಲ್ಲೂ ಹೆಚ್ಚುಕಡಿಮೆ ಅಷ್ಟೇ. ಅಕ್ಕಿಯಲ್ಲಿ 78. ನಾರು ಇದೆ, ಸುಣ್ಣದ ಅಂಶ ಇದೆ, ಎಲ್ಲ ನಿಜ, ಆದರೆ ಮುದ್ದೆ ಕ್ರಿಕೆಟ್ ಚೆಂಡಿಗಿಂತ ದೊಡ್ಡದಿದ್ದರೆ ಆ ಗುಣವೆಲ್ಲ ಏನು ಮಾಡೀತು?

ಈಗ 40 ಗ್ರಾಂ ಹಿಟ್ಟಿನ ಪುಟ್ಟ ಮುದ್ದೆ. ತಟ್ಟೆ ಖಾಲಿ ಕಾಣುತ್ತದೆ ಎಂದು ಮೊದಲು ಜಗಳವಾಡಿದರು. ಅದಕ್ಕೆ ಪಲ್ಯವನ್ನು ಮೂರು ಪಾಲು ಮಾಡಿದೆ: ಬದನೆಕಾಯಿ, ಹೀರೇಕಾಯಿ, ಮೆಂತ್ಯ ಸೊಪ್ಪು, ಪುಂಡಿ ಸೊಪ್ಪು. ಮೊದಲು ಪಲ್ಯ ಮತ್ತು ಕಾಳು ತಿಂದು ಮುಗಿಸಬೇಕು, ಮುದ್ದೆ ಕೊನೆಗೆ. ಕ್ರಮ ಬದಲಿಸಿದ್ದರಿಂದಲೇ ಊಟದ ನಂತರದ ಏರಿಕೆ ಕಡಿಮೆಯಾದದ್ದನ್ನು ಮೀಟರ್‌ನಲ್ಲಿ ನೋಡಿದ್ದೇವೆ.

ಶೇಂಗಾ ಚಟ್ನಿಗೆ ಮಾತ್ರ ನಾನೂ ಮೋಸ ಹೋದೆ. ಪಿಷ್ಟ ಕಡಿಮೆ ಎಂದು ಬಟ್ಟಲುಗಟ್ಟಲೆ ಬಡಿಸಿದೆ, ಶುಗರ್ ಇಳಿಯಿತು, ತೂಕ ಅಲ್ಲಾಡಲಿಲ್ಲ. ಶೇಂಗಾದಲ್ಲಿ ಅರ್ಧದಷ್ಟು ಎಣ್ಣೆಯೇ.

ಹರಿಹರದಿಂದ

ಮಂಡಕ್ಕಿ ಬಗ್ಗೆ ಒಂದೇ ಮಾತು. ಹಗುರ ಎಂದು ಒಂದು ವರ್ಷ ರಾತ್ರಿ ಊಟದ ಬದಲು ಅದನ್ನೇ ತಿಂದೆ. ಉಬ್ಬಿದರೂ ಅದು ಅಕ್ಕಿಯೇ, ಬಾಯಿಗೆ ಹಗುರ, ರಕ್ತಕ್ಕೆ ಬಲು ಬೇಗ. ಈಗ ಸೌತೆಕಾಯಿ, ಈರುಳ್ಳಿ, ಬೇಯಿಸಿದ ಹೆಸರುಕಾಳಿಗೆ ಅದೇ ಮಸಾಲೆ ಹಾಕಿ ಮೇಲೆ ಒಂದು ಹಿಡಿ ಮಂಡಕ್ಕಿ ಉದುರಿಸುತ್ತೇನೆ. ಮಂಡಕ್ಕಿಯವನು ನನ್ನನ್ನು ಕ್ಷಮಿಸಿಲ್ಲ.

ಔಷಧ ಅಂಗಡಿಯಲ್ಲಿ ಕೆಲಸ, ಚಳ್ಳಕೆರೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಚೀಟಿಯಲ್ಲಿದ್ದರೆ ಪಿಷ್ಟವನ್ನು ಪೂರ್ತಿ ಬಿಡುವ ಸಾಹಸ ಬೇಡವೇ ಬೇಡ. ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ವಸ್ತು) ಏರಿ ರಕ್ತ ಆಮ್ಲವಾಗಬಹುದು, ಆಗ ಮೀಟರ್‌ನಲ್ಲಿ ಶುಗರ್ ತೀರ ಹೆಚ್ಚೇನೂ ಕಾಣದಿರಬಹುದು. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ನೇರ ಆಸ್ಪತ್ರೆಗೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತಟ್ಟೆ ಬದಲಿಸಬಾರದು. ಬಿಪಿ ಮಾತ್ರೆ ಇದ್ದರೆ ತೂಕ ಇಳಿದಂತೆ ಅದನ್ನೂ ನೋಡಿಸಿಕೊಳ್ಳಿ, ಇಲ್ಲದಿದ್ದರೆ ಬಿಪಿ ತೀರ ಇಳಿದು ಎದ್ದು ನಿಂತಾಗ ತಲೆ ಸುತ್ತಬಹುದು.

ಕೇಳಿದವರು

ಗುರುವಾರ ವೈದ್ಯರನ್ನು ಕಾಣುತ್ತೇನೆ, ಅಲ್ಲಿಯವರೆಗೆ ಊಟ ಇದ್ದಂತೆಯೇ ಇರಲಿ. ತಕ್ಕಡಿ ಅಂಗಡಿಯಿಂದ ಮನೆಗೆ ಬಂದಾಯಿತು. ಬೆಣ್ಣೆ ದೋಸೆಯ ಬಗ್ಗೆ ಯಾರೂ ಬಾಯಿ ಬಿಡಲಿಲ್ಲವಲ್ಲ?

ನಿವೃತ್ತ ಶಿಕ್ಷಕ

ಬೇಕೆಂದೇ ಬಿಟ್ಟಿದ್ದೆ. ಶುಗರ್ ಏರಿಸುವುದು ಬೆಣ್ಣೆಯಲ್ಲ, ಹಿಟ್ಟಿನೊಳಗಿನ ಅಕ್ಕಿ, ಮಂಡಕ್ಕಿ ಮತ್ತು ಪಕ್ಕದ ಆಲೂಗಡ್ಡೆ ಪಲ್ಯ. ಬೆಣ್ಣೆ ತೂಕದ ಖಾತೆಗೆ ಹೋಗುತ್ತದೆ. ನಾನು ತಿಂಗಳಿಗೆ ಒಂದು ತಿನ್ನುತ್ತೇನೆ, ಪಲ್ಯ ಬೇಡವೆಂದು ಹೇಳಿ, ಮನೆಗೆ ನಡೆದುಕೊಂಡೇ ಬರುತ್ತೇನೆ. ಎರಡು ಗಂಟೆಯ ನಂತರ 178. ಎರಡನೆಯ ದೋಸೆ ತಿಂದ ದಿನ 231 ಇತ್ತು. ಆ ಚೀಟಿ ಇನ್ನೂ ಕನ್ನಡಕದ ಡಬ್ಬಿಯಲ್ಲಿದೆ.