ಮೋರ್ಸ್ ಕೀಯನ್ನು ಕಂಪ್ಯೂಟರಿಗೆ ಜೋಡಿಸಿದವರು ಹೇಗೆ ಮಾಡಿದಿರಿ?

ಕೇಳಿದ್ದು: ನನ್ನ ಹತ್ತಿರ ಹಿತ್ತಾಳೆಯ ಒಂದು ಸ್ಟ್ರೇಟ್ ಕೀ (ಕೈಯಿಂದ ಒತ್ತಿ ಮೋರ್ಸ್ ಸಂಕೇತ ಹೊಡೆಯುವ ಸನ್ನೆ) ಇದೆ. ಅಭ್ಯಾಸದ ತಂತ್ರಾಂಶ ಸ್ಪೇಸ್‌ಬಾರ್ ಒತ್ತು ಅನ್ನುತ್ತೆ. ಅದರಲ್ಲಿ ಎಷ್ಟು ಕುಟ್ಟಿದರೂ ಮಣಿಕಟ್ಟು ಪಳಗುತ್ತಿಲ್ಲ. ಈ ಕೀಯನ್ನೇ ಜೋಡಿಸಬೇಕು. ಬೆಸುಗೆ ಹಾಕಲು ಬರುತ್ತೆ, ಪ್ರೋಗ್ರಾಮಿಂಗ್ ಅಷ್ಟಕ್ಕಷ್ಟೇ. ಮಾಡಿ ನೋಡಿದವರು ದಯವಿಟ್ಟು ಹೇಳಿ.

ಮೊದಲನೆಯವರು: ಮೂಲೆಗೆ ಬಿದ್ದಿರುವ ತಂತಿ ಮೌಸ್ ಇದ್ದರೆ ಇವತ್ತೇ ಆಗುತ್ತೆ. ಬಿಚ್ಚಿ, ಎಡ ಬಟನ್ನಿನ ಕೆಳಗಿನ ಪುಟ್ಟ ಸ್ವಿಚ್ ನೋಡಿ. ಮೂರು ಕಾಲು ಇರುತ್ತವೆ. ಒತ್ತಿದಾಗ ಮಾತ್ರ ಒಂದಕ್ಕೊಂದು ಕೂಡುವ ಎರಡು ಕಾಲು ಯಾವುವು ಅಂತ ಮಲ್ಟಿಮೀಟರಿನಲ್ಲಿ ಹುಡುಕಿ, ಅವಕ್ಕೆ ಕೀಯ ಎರಡು ತಂತಿ ಬೆಸೆಯಿರಿ. ಯಾವ ತಂತಿ ಯಾವ ಕಡೆ ಅನ್ನೋದು ಮುಖ್ಯವಲ್ಲ. ಸಾಮಾನ್ಯ ಮೌಸ್ 8 ಮಿಲಿಸೆಕೆಂಡಿಗೊಮ್ಮೆ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತೆ, ಕಲಿಯುವ ವೇಗಕ್ಕೆ ಅಷ್ಟು ಸಾಕು. ತಂತ್ರಾಂಶ ಕ್ಲಿಕ್ ಒಪ್ಪುವಂಥದ್ದಾಗಿರಬೇಕು, ಅಷ್ಟೇ.

ಎರಡನೆಯವರು: ನಾನೂ ಮೌಸಿನಿಂದಲೇ ಶುರು ಮಾಡಿದ್ದು, ಆಮೇಲೆ ಪ್ರೊ ಮೈಕ್ರೋ ಅನ್ನುವ, ಪ್ರೋಗ್ರಾಮ್ ತುಂಬಬಹುದಾದ ಪುಟ್ಟ ಬೋರ್ಡಿಗೆ ಬಂದೆ. ಅದರ ಎಟಿಮೆಗಾ32ಯು4 ಚಿಪ್ಪು ತಾನೇ ಯುಎಸ್‌ಬಿ ಕೀಬೋರ್ಡ್ ಆಗಬಲ್ಲದು. ಆರ್ಡುಯಿನೋ ಊನೋ ಆರ್3 ಬೋರ್ಡ್ ತಗೋಬೇಡಿ, ಅದರ ಮುಖ್ಯ ಚಿಪ್ಪಿಗೆ ಆ ಸೌಲಭ್ಯ ಇಲ್ಲ. ಕೀಯ ಒಂದು ತಂತಿ 2ನೇ ಪಿನ್ನಿಗೆ, ಇನ್ನೊಂದು ಗ್ರೌಂಡಿಗೆ. ಪಿನ್ನಿನ ಒಳಗಿನ ಪುಲ್‌ಅಪ್ (ಕೀ ಒತ್ತದಿದ್ದಾಗ ಪಿನ್ನಿನ ವೋಲ್ಟೇಜನ್ನು ಮೇಲೆ ಹಿಡಿಯುವ ರೆಸಿಸ್ಟರ್) ಆನ್ ಮಾಡಿದರೆ ಹೊರಗೆ ರೆಸಿಸ್ಟರ್ ಬೇಡ.

ಮೊದಲ ದಿನ ಒಂದೇ ಡಿಟ್‌ನ (ಮೋರ್ಸಿನ ಗಿಡ್ಡ ಸದ್ದು) ‘ಇ’ ಹೊಡೆದರೆ ಪರದೆ ಮೇಲೆ ಎರಡು ಡಿಟ್‌ನ ‘ಐ’ ಬರುತ್ತಿತ್ತು. ಕೈಯದೇ ತಪ್ಪು ಅಂದುಕೊಂಡು ಸಂಜೆಯೆಲ್ಲ ಅದೊಂದೇ ಅಕ್ಷರ ಹೊಡೆದೆ. ಕೈ ಸರಿಯಾಗೇ ಇತ್ತು. ಲೋಹದ ತುದಿಗಳು ತಾಗಿದಾಗ ಕ್ಷಣಕಾಲ ಪುಟಿಯುತ್ತವೆ, ಚಿಪ್ಪು ಆ ಪುಟಿತವನ್ನೂ ಎಣಿಸುತ್ತಿತ್ತು. ಮೌಸಿನಲ್ಲಿ ಅದನ್ನು ಅದರ ಚಿಪ್ಪೇ ಸಂಭಾಳಿಸುತ್ತೆ, ಇಲ್ಲಿ ನಾವೇ ಬರೆಯಬೇಕು: ಒಂದು ಬದಲಾವಣೆ ಕಂಡ ಮೇಲೆ 5 ಮಿಲಿಸೆಕೆಂಡ್ ಬೇರೇನನ್ನೂ ಲೆಕ್ಕಕ್ಕೆ ತಗೋಬಾರದು. ನಿಮಿಷಕ್ಕೆ 20 ಪದದ ವೇಗದಲ್ಲಿ ಒಂದು ಡಿಟ್ 60 ಮಿಲಿಸೆಕೆಂಡ್ (1200ನ್ನು ವೇಗದಿಂದ ಭಾಗಿಸಿ), ಹಾಗಾಗಿ 5 ಹೋದರೆ ಗೊತ್ತಾಗಲ್ಲ. 30, 40 ಇಟ್ಟರೆ ಮಾತ್ರ ಲಯ ಕೆಡುತ್ತೆ.

ಪ್ರೋಗ್ರಾಮಿನಲ್ಲಿ, ಕೀ ಕೂತಾಗ ‘ಪ್ರೆಸ್’, ಎದ್ದಾಗ ‘ರಿಲೀಸ್’ ಅಂತ ಕಳಿಸಿ. ‘ರೈಟ್’ (write) ಆಜ್ಞೆ ಒತ್ತಿ ಕೂಡಲೇ ಬಿಟ್ಟುಬಿಡುತ್ತೆ, ಡಾ (ಮೋರ್ಸಿನ ಉದ್ದ ಸದ್ದು) ಅನ್ನೋದೇ ಹುಟ್ಟಲ್ಲ. ತಂತ್ರಾಂಶ ಒಪ್ಪಿದರೆ ಎಡ ಕಂಟ್ರೋಲ್ ಕೀ ಆರಿಸಿಕೊಳ್ಳಿ, ಬೇರೆ ಕಿಟಕಿಯಲ್ಲಿ ಕೈ ತಪ್ಪಿದರೂ ಬರಹದಲ್ಲಿ ಅಕ್ಷರ ಸುರಿಯಲ್ಲ.

ಎಲ್ಲಕ್ಕಿಂತ ಮುಖ್ಯ ಸದ್ದು. ಕಂಪ್ಯೂಟರಿನಿಂದ ಬರುವ ಸ್ವರ ಕೈಗಿಂತ ಹಿಂದೆ ಬೀಳುತ್ತೆ, ಬ್ಲೂಟೂತ್ ಹೆಡ್‌ಫೋನಿನಲ್ಲಂತೂ ಇನ್ನೂ ಹಿಂದೆ. ಕಿವಿ ತಡವಾದರೆ ಕೈ ತಾನಾಗೇ ಕಾಯಲು ಶುರು ಮಾಡಿ ಡಾ ಎಳೆಯುತ್ತೆ. ಅದಕ್ಕೆ ಬೋರ್ಡಿಗೇ ಒಂದು ಚಿಕ್ಕ ಪೀಜೋ (ಸ್ವರ ಹೊರಡಿಸುವ ಬಿಲ್ಲೆ) ಹಾಕಿ, 600 ಹರ್ಟ್ಸ್ ಸ್ವರ ಅಲ್ಲಿಂದಲೇ ನುಡಿಸಿ, ಕಂಪ್ಯೂಟರಿನ ಸದ್ದು ಮುಚ್ಚಿ. ನನ್ನ ಕೈ ಕೂತದ್ದು ಇದಾದ ಮೇಲೆಯೇ.

ಮೂರನೆಯವರು: ಒಂದೇ ಕೀಯನ್ನು ಹಳೆಯ ವಾಲ್ವ್ ಟ್ರಾನ್ಸ್‌ಮಿಟರಿಗೂ ಕಂಪ್ಯೂಟರಿಗೂ ಒಟ್ಟಿಗೆ ಜೋಡಿಸಬೇಡಿ. ಅಂಥವುಗಳಲ್ಲಿ ಕೀಯ ತುದಿಯಲ್ಲೇ ಹೆಚ್ಚಿನ ವೋಲ್ಟೇಜ್ ಇರಬಹುದು, ಬೋರ್ಡೂ ಹೋಗುತ್ತೆ, ನಿಮಗೂ ಅಪಾಯ. ಮುಂದೆ ಪ್ಯಾಡಲ್ (ಡಿಟ್‌ಗೂ ಡಾಗೂ ಬೇರೆ ಬೇರೆ ಸಂಪರ್ಕ ಇರುವ ಕೀ) ತಗೊಂಡರೆ ಸ್ಟೀರಿಯೋ ಜ್ಯಾಕಿನ ತುದಿ ಡಿಟ್‌ಗೆ, ನಡುವಿನ ಉಂಗುರ ಡಾಗೆ, ಬುಡ ಗ್ರೌಂಡಿಗೆ ಅನ್ನೋದು ರೂಢಿ. ಆ ಜ್ಯಾಕಿಗೆ ಸ್ಟ್ರೇಟ್ ಕೀಯ ಮೋನೋ ಪ್ಲಗ್ ಸಿಕ್ಕಿಸಿದರೆ ಉಂಗುರ ಗ್ರೌಂಡಾಗಿ ಡಾ ನಿಲ್ಲದೇ ಹೊಡೆಯುತ್ತೆ, ಗಾಬರಿಯಾಗಬೇಡಿ.

ಕೇಳಿದವರು: ಎಲ್ಲರಿಗೂ ಧನ್ಯವಾದ. ರಾತ್ರಿಯೇ ಮೌಸ್ ಬಿಚ್ಚಿದೆ. ಮೊದಲು ನಡುನಡುವೆ ಡಾ ತುಂಡಾಗುತ್ತಿತ್ತು. ಕೀಯ ತುದಿಗಳ ನಡುವೆ ಬಿಳಿ ಕಾಗದದ ಪಟ್ಟಿ ಇಟ್ಟು, ಮೆಲ್ಲಗೆ ಒತ್ತಿ ಎಳೆದೆ. ಕಾಗದದ ಮೇಲೆ ಕಪ್ಪು ಗೆರೆ ಬಂತು. ಗೆರೆ ಬರೋದು ನಿಲ್ಲುವವರೆಗೆ ಎಳೆದ ಮೇಲೆ ಡಾ ಪೂರ್ತಿ ಕೇಳಿಸಿತು. ಪ್ರೊ ಮೈಕ್ರೋ ಈ ವಾರ ತರಿಸ್ತೀನಿ, ಪೀಜೋ ಜೊತೆಗೇ.