ಸೋಲಾರ್ ಹೀಟರ್ ಸಬ್ಸಿಡಿ ಅರ್ಜಿ ವಾಪಸ್: "ವಿಸ್ತೀರ್ಣ ತಾಳೆಯಾಗುತ್ತಿಲ್ಲ" ಅಂದ್ರೆ ಏನು?

ಬಿಸಿಲುಕೋಲು:
ನಮಸ್ಕಾರ. ಮನೆ ಮೇಲೆ ಗಾಜಿನ ಟ್ಯೂಬಿನ ಸೋಲಾರ್ ಹೀಟರ್ ಕೂರಿಸಿದ್ದೇವೆ. ನೀರು ಚೆನ್ನಾಗಿಯೇ ಕಾಯುತ್ತಿದೆ. ತೊಂದರೆ ಇರುವುದೆಲ್ಲ ಕಾಗದದಲ್ಲಿ. ಸರ್ಕಾರದ ಸಬ್ಸಿಡಿಗೆ ಹಾಕಿದ ಅರ್ಜಿ ಎರಡು ಷರಾ ಬರೆಸಿಕೊಂಡು ವಾಪಸ್ ಬಂದಿದೆ. ಒಂದು, "ಕಲೆಕ್ಟರ್ ವಿಸ್ತೀರ್ಣ ಪ್ರಮಾಣಪತ್ರದ ಜೊತೆ ತಾಳೆಯಾಗುತ್ತಿಲ್ಲ" (ಕಲೆಕ್ಟರ್ ಅಂದರೆ ಬಿಸಿಲು ಹೀರಿ ನೀರು ಕಾಯಿಸುವ ಟ್ಯೂಬಿನ ಭಾಗ). ಇನ್ನೊಂದು, "ವ್ಯವಸ್ಥೆಯ ಪ್ರಮಾಣಪತ್ರ ಲಗತ್ತಿಸಿಲ್ಲ". ಕಲೆಕ್ಟರ್‌ಗೆ ಸೋಲಾರ್ ಕೀಮಾರ್ಕ್ (ಯುರೋಪಿನ ಗುಣಮಟ್ಟದ ಮುದ್ರೆ) ಇದೆ, ಅದರ ಪ್ರತಿಯನ್ನೂ ಕಳಿಸಿದ್ದೆವು. ಬಿಲ್ಲಿನಲ್ಲಿರುವ ವಿಸ್ತೀರ್ಣ ಪತ್ರದಲ್ಲಿ ಇರುವುದಕ್ಕಿಂತ ಕಡಿಮೆ ಇದೆ, ನಿಜ. ಆದರೆ ಟ್ಯೂಬ್ ಎಣಿಸಿ ನೋಡಿದೆ, ಸರಿಯಾಗಿಯೇ ಇದೆ. ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?

ತಾಮ್ರದಕೊಳವೆ:
ಯಾರೂ ಮೋಸ ಮಾಡಿಲ್ಲ. ಒಂದೇ ಕಲೆಕ್ಟರ್‌ಗೆ ಎರಡು ಅಳತೆ ಇರುತ್ತದೆ. ಚೌಕಟ್ಟು ಸೇರಿಸಿ ಹೊರಗಿನಿಂದ ಅಳೆದರೆ ಅದು ಗ್ರಾಸ್. ಬೆಳಕು ಒಳಗೆ ಹೋಗುವ ಜಾಗವನ್ನಷ್ಟೇ ಅಳೆದರೆ ಅಪರ್ಚರ್. ಚಪ್ಪಟೆ ಪೆಟ್ಟಿಗೆಯಂಥ ಫ್ಲ್ಯಾಟ್ ಪ್ಲೇಟ್ ಕಲೆಕ್ಟರ್‌ನಲ್ಲಿ ಇವೆರಡಕ್ಕೂ ಅಂಥ ವ್ಯತ್ಯಾಸ ಇರುವುದಿಲ್ಲ. ನಿಮ್ಮದರಲ್ಲಿ ಟ್ಯೂಬು ಟ್ಯೂಬಿನ ನಡುವೆ ಸಂದು ಇದೆಯಲ್ಲ, ಅದಕ್ಕೇ ಅಂತರ ಜಾಸ್ತಿ.

ಐಎಸ್‌ಒ 9806 ಅನ್ನುವ ಅಂತರರಾಷ್ಟ್ರೀಯ ಮಾನಕದ 2017ರ ಆವೃತ್ತಿಯಿಂದ ಕಲೆಕ್ಟರ್ ಪರೀಕ್ಷೆಯ ಫಲಿತಾಂಶವನ್ನು ಗ್ರಾಸ್ ಲೆಕ್ಕದಲ್ಲೇ ಕೊಡುತ್ತಾರೆ. ಹಳೇ ಕೈಪಿಡಿ, ಜಾಹೀರಾತುಗಳಲ್ಲಿ ಇನ್ನೂ ಅಪರ್ಚರ್ ಉಳಿದುಕೊಂಡಿದೆ. ಕಾರಣವೂ ಇದೆ ಅನ್ನಿ. ಅದೇ ಶಾಖವನ್ನು ಚಿಕ್ಕ ವಿಸ್ತೀರ್ಣದಿಂದ ಭಾಗಿಸಿದರೆ ದಕ್ಷತೆ ಹೆಚ್ಚು ಕಾಣುತ್ತದೆ, ಮಾರುವವರಿಗೆ ಅದು ಇಷ್ಟ!

ಬಿಲ್ ತಿದ್ದಿಸುವ ಮೊದಲು ಯೋಜನೆಯ ನಿಯಮ ಓದಿ. ಯಾವ ಅಳತೆ ಕೇಳಿದ್ದಾರೋ ಅದನ್ನೇ ಎಲ್ಲ ಕಡೆ ಬರೆಸಿ. ಒಂದರ ವಿಸ್ತೀರ್ಣ, ಇನ್ನೊಂದರ ದಕ್ಷತೆ ಬೆರೆಸಿದರೆ ವರ್ಷದ ಉತ್ಪಾದನೆಯ ಲೆಕ್ಕವೂ ತಪ್ಪುತ್ತದೆ, ಅರ್ಜಿ ಮತ್ತೆ ವಾಪಸ್ ಬರುತ್ತದೆ.

ಛಾವಣಿಮಾತು:
ಎರಡನೇ ಷರಾ ಬಗ್ಗೆ ಹೇಳ್ತೀನಿ. ಟ್ಯಾಂಕ್ ಬೇರೆ ಕಂಪನಿಯದಾ?

ಬಿಸಿಲುಕೋಲು:
ಹೌದು. ಟ್ಯಾಂಕ್, ಪಂಪ್, ಕಂಟ್ರೋಲರ್ ಎಲ್ಲ ಬೇರೆ ಬೇರೆ ಕಡೆಯವು.

ಛಾವಣಿಮಾತು:
ಹಾಗಿದ್ದರೆ ಗಂಟು ಅಲ್ಲೇ ಇದೆ. ನೀವು ಕಳಿಸಿದ್ದು ಕಲೆಕ್ಟರ್‌ನ ಪತ್ರ, ಅವರು ಕೇಳುತ್ತಿರುವುದು ಇಡೀ ವ್ಯವಸ್ಥೆಯದು. ಯುರೋಪಿನ ಮಾನಕಗಳಲ್ಲಿ ಇಎನ್ 12975 ಕಲೆಕ್ಟರ್‌ಗೆ, ಇಎನ್ 12976 ಕಾರ್ಖಾನೆಯಲ್ಲೇ ಜೋಡಿಯಾಗಿ ಬರುವ ಸಿಸ್ಟಮ್‌ಗೆ. ಅಮೆರಿಕದಲ್ಲೂ ಹೀಗೇ: ಒಜಿ-100 ಅನ್ನುವ ಪ್ರಮಾಣಪತ್ರ ಕಲೆಕ್ಟರ್‌ಗೆ, ಒಜಿ-300 ಪೂರ್ತಿ ಸಿಸ್ಟಮ್‌ಗೆ. ಬಿಡಿಬಿಡಿಯಾಗಿ ತಂದು ಜೋಡಿಸಿದ್ದಕ್ಕೆ 12976ರ ಪತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಂಥವುಗಳಿಗೆ ಇಎನ್ 12977 ಇದೆ. ಅದನ್ನು ಒಪ್ಪುತ್ತೀರಾ ಅಂತ ಕಚೇರಿಗೆ ಬರೆದು ಕೇಳಿ, ಉತ್ತರವನ್ನೂ ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಫೋನಿನಲ್ಲಿ "ಆಗುತ್ತೆ" ಅಂದಿದ್ದನ್ನು ನಂಬಿ ಕೂರಬೇಡಿ.

ಹೊಸಬ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಪಿಎಂ ಸೂರ್ಯ ಘರ್‌ನಲ್ಲಿ ನೀರು ಕಾಯಿಸುವ ಸೋಲಾರ್‌ಗೂ ದುಡ್ಡು ಬರುತ್ತಲ್ವಾ?

ತಾಮ್ರದಕೊಳವೆ:
ಬರುವುದಿಲ್ಲ. 2024ರಲ್ಲಿ ಶುರುವಾದ ಆ ಯೋಜನೆ ಚಾವಣಿ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್‌ಗಳಿಗೆ. ಹೀಟರ್ ಅದರಲ್ಲಿಲ್ಲ.

ಲೆಕ್ಕಪತ್ರ:
ಬಿಸಿಲುಕೋಲು ಅವರೇ, ಮತ್ತೆ ಅರ್ಜಿ ಹಾಕುವ ಮೊದಲು ಬಿಲ್ಲನ್ನು ಇನ್ನೊಮ್ಮೆ ಓದಿ. ರಿಯಾಯಿತಿ ಅಂತ ಒಂದು ಸಾಲು ಇದೆಯಾ? ಕೆಲವು ಕಡೆ ಸಬ್ಸಿಡಿ ಮೊದಲೇ ಬಿಲ್ಲಿನಲ್ಲಿ ಕಳೆದಿರುತ್ತದೆ. ಆಸ್ಟ್ರೇಲಿಯಾದಲ್ಲಿ ಹೀಟರ್ ಕೂರಿಸಿದರೆ ಮಾರಬಹುದಾದ ಸರ್ಟಿಫಿಕೇಟ್ ಹುಟ್ಟುತ್ತದೆ. ಮನೆಯವರು ಆ ಹಕ್ಕನ್ನು ಏಜೆಂಟ್ ಹೆಸರಿಗೆ ಬರೆದುಕೊಟ್ಟು ಬಿಲ್ಲಿನಲ್ಲಿ ಕಡಿತ ಪಡೆಯುತ್ತಾರೆ. ಸಹಿ ಹಾಕಿದ್ದು ಮರೆತು ಅದಕ್ಕೇ ಮತ್ತೆ ಅರ್ಜಿ ಹಾಕಿದರೆ ನಡೆಯುವುದಿಲ್ಲ.

ದಿನಾಂಕಗಳನ್ನೂ ನೋಡಿ. ಜರ್ಮನಿಯಲ್ಲಿ ಕೆಲಸ ಶುರುವಾಗುವ ಮೊದಲೇ ಅರ್ಜಿ ಹಾಕಿರಬೇಕು. ಬ್ರಿಟನ್‌ನಲ್ಲಿ ಮನೆಗಳ ಶಾಖಕ್ಕೆ 7 ವರ್ಷ ಹಣ ಕೊಡುತ್ತಿದ್ದ ಯೋಜನೆಗೆ 2022ರ ಮಾರ್ಚ್ ಮುಗಿದ ಮೇಲೆ ಹೊಸ ಅರ್ಜಿ ತೆಗೆದುಕೊಳ್ಳಲಿಲ್ಲ. ಅಮೆರಿಕದ ಶೇ. 30 ತೆರಿಗೆ ಕಡಿತ 2025ರ ಕೊನೆಗೆ ನಿಂತಿತು. ಕೂರಿಸಿದ ದಿನ, ಬಿಲ್ಲಿನ ದಿನ, ಅರ್ಜಿಯ ದಿನ, ಯಾವುದು ಲೆಕ್ಕಕ್ಕೆ ಬರುತ್ತದೆ ಅನ್ನುವುದು ಒಂದೊಂದು ಕಡೆ ಒಂದೊಂದು ಥರ.

ಬಿಸಿಲುಕೋಲು:
ರಿಯಾಯಿತಿ ಸಾಲು ಇಲ್ಲ. ನಮ್ಮಲ್ಲಿ ಕೂರಿಸಿದ ದಿನ ನೋಡುತ್ತಾರೆ, ಅದು ಅವಧಿಯ ಒಳಗೇ ಇದೆ. ಡೇಟಾ ಶೀಟ್ ತೆಗೆದು ನೋಡಿದೆ, ಪತ್ರದಲ್ಲಿರುವುದು ಗ್ರಾಸ್, ಬಿಲ್ಲಿನಲ್ಲಿರುವುದು ಅಪರ್ಚರ್. ತಾಮ್ರದಕೊಳವೆ ಅವರು ಹೇಳಿದ ಹಾಗೇ. ನಿಯಮ ಗ್ರಾಸ್ ಕೇಳುತ್ತದೆ, ಬಿಲ್ ತಿದ್ದಿಸಲು ಹೇಳಿದ್ದೇನೆ. 12977 ಬಗ್ಗೆ ಪತ್ರ ಬರೆದೆ. ಇನ್ನೊಂದು ಸಂಶಯ: ಇದೇ ಟ್ಯಾಂಕಿನಿಂದ ಈಜುಕೊಳಕ್ಕೂ ಒಂದು ಲೈನ್ ಎಳೆಯುವ ಯೋಚನೆ ಇತ್ತು.

ಲೆಕ್ಕಪತ್ರ:
ಹಣ ಕೈಗೆ ಬರುವ ತನಕ ಆ ಲೈನ್ ಮುಟ್ಟಬೇಡಿ, ಆಮೇಲೂ ನಿಯಮ ನೋಡಿಯೇ ಎಳೆಯಿರಿ. ಅಮೆರಿಕದ ಆ ಕಡಿತದಲ್ಲಿ ಈಜುಕೊಳಕ್ಕೆ ಹೋಗುವ ಖರ್ಚು ಸೇರುತ್ತಲೇ ಇರಲಿಲ್ಲ. ಪೈಪು, ಜೋಡಿಸಿದ ಕೂಲಿ ಸೇರುತ್ತಿತ್ತು. ನಿಮ್ಮ ಬಿಲ್ಲಿನಲ್ಲೂ ಕೂಲಿ ಬೇರೆ ಸಾಲಿನಲ್ಲಿ ಬರಲಿ. ಹೇಗೂ ತಿದ್ದಿಸುತ್ತಿದ್ದೀರಿ, ಕಲೆಕ್ಟರ್ ಮಾದರಿಯ ಹೆಸರು ಪತ್ರದಲ್ಲಿ ಇದ್ದ ಹಾಗೇ ಅಕ್ಷರ ಬಿಡದೆ ಇದೆಯಾ ಅಂತಲೂ ನೋಡಿಕೊಳ್ಳಿ.