ಸಹಾಯ ಬೇಕು: ಅಕ್ರಿಲಿಕ್ ಮಾಡೆಲ್‌ಗೆ ಲೇಸರ್ ಕೆತ್ತನೆ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಎಕ್ಸಿಬಿಷನ್ ಡಿಸೈನ್ ಪ್ರಾಜೆಕ್ಟ್‌ಗೆ ಸೋಮನಾಥಪುರದ ಕೇಶವ ದೇವಾಲಯದ ಮಾಡೆಲ್ ಮಾಡ್ತಾ ಇದ್ದೇನೆ. ಸ್ಕೇಲ್ 1:100. 3 ಮಿ.ಮೀ. ಪಾರದರ್ಶಕ ಅಕ್ರಿಲಿಕ್ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ, ಅಂದ್ರೆ ಒಂದೊಂದು ಹಾಳೆಯೂ ನಿಜವಾದ ಗುಡಿಯ 30 ಸೆಂ.ಮೀ. ಎತ್ತರ, ಕೆಳಗಿನಿಂದ ಎಲ್‌ಇಡಿ ಬೆಳಕು ಬಿಟ್ಟು ನಕ್ಷತ್ರಾಕಾರದ ಜಗತಿ (ಗುಡಿ ನಿಂತಿರುವ ಎತ್ತರದ ಕಟ್ಟೆ), ಮೂರು ಗರ್ಭಗುಡಿ ಎಲ್ಲಾ ಹೊಳೆಯುವ ಹಾಗೆ ಮಾಡಬೇಕು ಅನ್ನೋದು ಐಡಿಯಾ.

ತೊಂದರೆ ಏನಂದ್ರೆ, ಒಂದು ಅಂಗಡಿಯಲ್ಲಿ ಸ್ಯಾಂಪಲ್ ಮಾಡಿಸಿದೆ. ಕತ್ತರಿಸಿದ್ದು ಚೆನ್ನಾಗಿದೆ, ಆದರೆ ಕೆತ್ತಿದ ಗೆರೆ ಬೆಳ್ಳಗೆ ಮಂಜು ಮಂಜಾಗಿ ಬರಲಿಲ್ಲ. ಕರಗಿ ಅಂಟಂಟಾಗಿ, ಕಂಡೂ ಕಾಣದ ಹಾಗಿದೆ. ಹಾಳೆ ಕಾಸ್ಟ್ (ಅಚ್ಚಿನಲ್ಲಿ ಎರಕ ಹೊಯ್ದದ್ದು) ಅಲ್ಲ, ಎಕ್ಸ್‌ಟ್ರೂಡೆಡ್ (ಮೆಷಿನ್ನಿಂದ ಒತ್ತಿ ಹೊರತೆಗೆದದ್ದು), ಅದಕ್ಕೇ ಹೀಗಾಗಿದೆ ಅಂತ ಆಮೇಲೆ ಗೊತ್ತಾಯ್ತು. ಅದರ ಮೇಲೆ ಅವರು ಸ್ಪಿರಿಟ್ ಹಾಕಿ ಒರೆಸಿಬಿಟ್ಟರು, ಅಂಚಿನಲ್ಲೆಲ್ಲಾ ಕೂದಲೆಳೆ ಬಿರುಕು! ಸಾಲದ್ದಕ್ಕೆ, ಪಿವಿಸಿಯಲ್ಲಿ ಮಾಡಿಕೊಡ್ಲಾ ಅಂತ ಬೇರೆ ಕೇಳಿದರು. ಲೇಸರ್‌ನಲ್ಲಿ ಪಿವಿಸಿ ಸುಟ್ಟರೆ ವಿಷದ ಹೊಗೆ, ಮೆಷಿನ್ನೂ ತುಕ್ಕು ಹಿಡಿಯುತ್ತೆ, ಅಲ್ವಾ?

ಹಾಗಾಗಿ ಕೇಳ್ತಿದ್ದೇನೆ: ಎರಡೂ ಕಡೆ ಪೇಪರ್ ಅಂಟಿಸಿದ ಕಾಸ್ಟ್ ಅಕ್ರಿಲಿಕ್ ಬೆಂಗಳೂರಲ್ಲಿ ಚಿಲ್ಲರೆಯಾಗಿ ಎಲ್ಲಿ ಸಿಗುತ್ತೆ? ಹಾಳೆ ನಾವೇ ತಂದುಕೊಟ್ಟರೆ ಬರೀ ಕೆತ್ತನೆ, ಕಟಿಂಗ್ ಮಾಡಿಕೊಡುವವರು ಯಾರಾದ್ರೂ ಗೊತ್ತಾ? ಹಾಳೆಗಳನ್ನು ಒಂದಕ್ಕೊಂದು ಅಂಟಿಸಲು ಕ್ಲೋರೋಫಾರ್ಮ್ ಬಳಸಿದವರಿದ್ದರೆ, ಮಧ್ಯೆ ಗುಳ್ಳೆ ನಿಲ್ಲದ ಹಾಗೆ ಹೇಗೆ ಹಾಕಿದ್ರಿ ಹೇಳಿ. ನನಗಂತೂ ಬೋಲ್ಟ್ ಹಾಕಿ ಬಿಗಿಯೋದೇ ಲೇಸು ಅನ್ನಿಸ್ತಿದೆ. ಡ್ರಾಯಿಂಗ್ ಡಿಎಕ್ಸ್‌ಎಫ್ ಫೈಲ್‌ನಲ್ಲಿ ರೆಡಿ ಇದೆ, ಬೇಕಾದವರಿಗೆ ಕಳಿಸ್ತೇನೆ.